ಬಂಡೆಗಿಂತ ಕಿರಿಯ ವಿಶ್ವ: ಚಂದ್ರವಳ್ಳಿಯಲ್ಲಿ ಒಂದು ಭೌತವಿಜ್ಞಾನ ಪಾಠ

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂಬುದನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಅದು ಹೇಗೆ ತಿಳಿಯಿತು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಆ ಸಂಖ್ಯೆಯ ಹಿಂದಿರುವ ವಾದವನ್ನು ಮಕ್ಕಳೇ ನಡೆಸುವಂತೆ ಮಾಡುವುದು ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ನಾನು ಮಾಡಿದ ಈ ಪಾಠದ ಉದ್ದೇಶ.

ಹಂತ 1: ನಾಣ್ಯ
ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಇಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆತಿದೆ. ಅವನ ಆಳ್ವಿಕೆ ಕ್ರಿ.ಶ. 14ರಿಂದ 37. "ನಾಣ್ಯವಿದ್ದ ಮಣ್ಣಿನ ಪದರ ಯಾವ ಕಾಲದ್ದು?" ಎಂದು ಕೇಳಿದೆ. ಹಲವರು ಅದೇ ಇಸವಿಗಳನ್ನು ಹೇಳಿದರು. "ನಾಣ್ಯ ನೂರು ವರ್ಷ ಕೈಯಿಂದ ಕೈಗೆ ಓಡಾಡಿರಬಹುದಲ್ಲ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಹೌದು. ಪದರ ಕ್ರಿ.ಶ. 14ಕ್ಕಿಂತ ಹಿಂದಿನದಲ್ಲ ಎಂದಷ್ಟೇ ನಾಣ್ಯ ಹೇಳುತ್ತದೆ. ಸಾಕ್ಷ್ಯ ಕೊಡುವುದು ಒಂದು ಮಿತಿಯನ್ನು.

ಹಂತ 2: ಬಂಡೆ
ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿರುವ ದಿಂಬಿನಾಕಾರದ ಲಾವಾ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ವಿಶ್ವ ಅದಕ್ಕಿಂತ ಕಿರಿಯದಾಗಿರಲು ಸಾಧ್ಯವೇ? ಇಲ್ಲ ಎಂದರು ಮಕ್ಕಳು. ಆದರೆ 1929ರಲ್ಲಿ ಹಬಲ್ ಅಳೆದ ಗೆಲಾಕ್ಸಿಗಳ ದೂರ ಮತ್ತು ವೇಗದಿಂದ ಲೆಕ್ಕ ಹಾಕಿದರೆ ಸಿಗುವುದು ಸುಮಾರು 200 ಕೋಟಿ ವರ್ಷ. ಮಗು ತಾಯಿಗಿಂತ ದೊಡ್ಡದಾದ ಹಾಗಾಯಿತು!

ಹಂತ 3: ತಪ್ಪು ಎಲ್ಲಿದೆ?
ಮಕ್ಕಳು ಮೂರು ಸಾಧ್ಯತೆ ಪಟ್ಟಿ ಮಾಡಿದರು: ಬಂಡೆಯ ವಯಸ್ಸು, ಗೆಲಾಕ್ಸಿಗಳ ಅಳತೆ, ಇಲ್ಲವೇ ಸಿದ್ಧಾಂತ. ವಿಜ್ಞಾನಿಗಳ ಚರ್ಚೆಯೂ ಇದೇ ಆಗಿತ್ತು. 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಅವರು ವಿಶ್ವಕ್ಕೆ ಆರಂಭವೇ ಇಲ್ಲವೆಂಬ ಸ್ಥಿರಸ್ಥಿತಿ ಸಿದ್ಧಾಂತ ಮುಂದಿಟ್ಟರು. 1952ರಲ್ಲಿ ವಾಲ್ಟರ್ ಬಾಡೆ, ದೂರ ಅಳೆಯಲು ಬಳಸುವ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಬಗೆಯಿದೆ ಎಂದು ತೋರಿಸಿದರು. ಗೆಲಾಕ್ಸಿಗಳ ದೂರ ಸುಮಾರು ಎರಡು ಪಟ್ಟಾಯಿತು. ಕಾಲ ಎಂದರೆ ದೂರ ಭಾಗಿಸು ವೇಗ. ಆದ್ದರಿಂದ ವಯಸ್ಸೂ ಎರಡು ಪಟ್ಟು. ಈ ಲೆಕ್ಕವನ್ನು ಮಕ್ಕಳೇ ಮಾಡಿದರು. ಮುಂದಿನ ತಿದ್ದುಪಡಿಗಳು ಅದನ್ನು ಇನ್ನಷ್ಟು ಹೆಚ್ಚಿಸಿದವು.

ಪಠ್ಯಪುಸ್ತಕ ಕೊನೆಯ ಉತ್ತರವನ್ನು ಕೊಡುತ್ತದೆ. ಅಲ್ಲಿಗೆ ತಲುಪಿದ ದಾರಿಯನ್ನು ವಿಜ್ಞಾನ ಇತಿಹಾಸಕಾರರು ಉಳಿಸಿಕೊಡುತ್ತಾರೆ. ಡೆನ್ಮಾರ್ಕಿನ ಹೆಲ್ಗೆ ಕ್ರಾಗ್ 1996ರಲ್ಲಿ ಈ ವಿವಾದದ ಬಗ್ಗೆಯೇ ಗ್ರಂಥ ಪ್ರಕಟಿಸಿದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದವರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನದ ತಾತ್ವಿಕ ಪ್ರಶ್ನೆಗಳತ್ತ ತಿರುಗಿದರು. ಇಂಥವರ ಕೆಲಸ ನಮ್ಮ ಪಾಠ ಟಿಪ್ಪಣಿಗಳಿಗೂ ಬರಬೇಕು.

ಪಾಠದ ಕೊನೆಗೆ ಒಬ್ಬ ಹುಡುಗ, "ಹಾಗಾದರೆ 1380 ಕೂಡ ಸುಳ್ಳಾಗಬಹುದಲ್ಲ?" ಎಂದ. ಈ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ತಳ್ಳಿದರೆ ಮಗು ಮತ್ತೆ ಬಾಯಿಪಾಠಕ್ಕೆ ಮರಳುತ್ತದೆ. ಸುಮ್ಮನೆ ಹೌದೆಂದರೆ ವಿಜ್ಞಾನವೇ ಬರೀ ಊಹೆ ಎಂದುಕೊಳ್ಳುತ್ತದೆ. ಅಳತೆ ಉತ್ತಮಗೊಂಡಂತೆ ಸಂಖ್ಯೆ ಸ್ವಲ್ಪ ಬದಲಾಗಬಹುದು, ಆದರೆ ಬಂಡೆ ಹಾಕಿದ ಮಿತಿಗಿಂತ ಕೆಳಗಿಳಿಯದು ಎಂದು ವಿವರಿಸಿದೆ.

ಮೌಲ್ಯಮಾಪನ ಪ್ರಶ್ನೆ: ಒಂದು ಬಾವಿಯ ತಳದಲ್ಲಿ 1947ರ ನಾಣ್ಯ ಸಿಕ್ಕಿದೆ. ಇದರಿಂದ ಬಾವಿಯ ವಯಸ್ಸಿನ ಬಗ್ಗೆ ಏನು ಹೇಳಬಹುದು, ಏನು ಹೇಳಲಾಗದು? ಕಾರಣ ಕೊಡಿ.