ಗಣಕಯಂತ್ರದ ದುರಸ್ತಿಗೆ ಬೇಕಾಗುವ ಸಲಕರಣೆಗಳು

ಬಡಗಿಗೆ ಉಳಿ, ಕಮ್ಮಾರನಿಗೆ ಸುತ್ತಿಗೆ, ದರ್ಜಿಗೆ ಕತ್ತರಿ ಇರುವಂತೆ ಗಣಕಯಂತ್ರವನ್ನು ದುರಸ್ತಿ ಮಾಡುವವರಿಗೂ ಅವರದೇ ಆದ ಸಲಕರಣೆಗಳಿವೆ. ಅವೆಲ್ಲ ದುಬಾರಿಯವೇನಲ್ಲ. ಒಂದಂತೂ ನಿಮ್ಮ ಕಂಪಾಸು ಪೆಟ್ಟಿಗೆಯಲ್ಲಿಯೇ ಇದೆ!

ಕಳೆದ ಮಳೆಗಾಲದಲ್ಲಿ ನಮ್ಮ ಗಣಕ ಕೊಠಡಿಯ ಒಂದು ಯಂತ್ರ ಮೂರು ವಾರ ಕೆಲಸ ಮಾಡಲಿಲ್ಲ. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಇಬ್ಬರು ಕುಳಿತುಕೊಳ್ಳುವಲ್ಲಿ ನಾಲ್ವರು ಕುಳಿತು, ಹಿಂದಿನವರು ಇಣುಕಿ ನೋಡಿ ಕಲಿಯಬೇಕಾಯಿತು. ಇದನ್ನು ಗುಜರಿಗೆ ಹಾಕುವುದೇ ಲೇಸು ಎಂಬ ಮಾತೂ ಬಂತು. ಕೊನೆಗೆ ಮೆಮೊರಿ ಕಾರ್ಡನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿ ಉಳಿಯದಂತೆ ಕೊಡವಿ, ಮರಳಿ ಕೂರಿಸಿದೆವು. ಯಂತ್ರ ಓಡಿತು! ಕರಾವಳಿಯ ತೇವ ಮತ್ತು ಧೂಳು ಸೇರಿ ಉಂಟಾದ ತೆಳ್ಳಗಿನ ಪೊರೆ ವಿದ್ಯುತ್ ಸಂಪರ್ಕವನ್ನು ತಡೆದಿತ್ತು, ಅಷ್ಟೆ.

ತಿರುಪುಳಿ

ಮೊದಲು ಬೇಕಾದುದು ತಿರುಪುಳಿ, ಅಂದರೆ ಸ್ಕ್ರೂಡ್ರೈವರ್. ಗಣಕದ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರುವುದು ತಲೆಯಲ್ಲಿ ಕೂಡುಗುರುತಿನಂತಹ ತೋಡು ಇರುವ ತಿರುಪುಮೊಳೆ. ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರು 1936ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಅಂಗಡಿಯಲ್ಲಿ 'ಸ್ಟಾರ್' ಎಂದು ಕೇಳಿದರೆ ಕೊಡುತ್ತಾರೆ. ದೊಡ್ಡ ಗಣಕಕ್ಕೆ 2ನೇ ನಂಬ್ರದ್ದು ಸರಿಹೊಂದುತ್ತದೆ, ಲ್ಯಾಪ್‌ಟಾಪಿಗೆ ಇನ್ನೂ ಚಿಕ್ಕದು ಬೇಕು. ಅಳತೆ ತಪ್ಪಿದರೆ ಮೊಳೆಯ ತಲೆ ಸವೆದು, ಮತ್ತೆ ಬಿಚ್ಚುವುದೇ ಕಷ್ಟವಾಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಒರಟು ಸುತ್ತಿನವೂ ನಯ ಸುತ್ತಿನವೂ ಇರುವುದರಿಂದ, ಬಿಚ್ಚಿದ ಮೊಳೆಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಇಡಬೇಕು.

ಶುಚಿಗೊಳಿಸುವ ಸಾಧನಗಳು

ಮೆತ್ತನೆಯ ಕುಂಚ, ಗಾಳಿ ಊದುವ ಬ್ಲೋವರ್, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್ — ಇಷ್ಟು ಸಾಕು. ಈ ದ್ರವ ಬೇಗನೆ ಆರಿಹೋಗುತ್ತದೆ. ಆದರೆ ಬೆಂಕಿ ಹತ್ತಿಕೊಳ್ಳುವಂತಹುದು, ಜೋಕೆ! ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಅದು ಮಿತಿಮೀರಿ ತಿರುಗಿದರೆ ಕೆಡಬಹುದು.

ಮಣಿಕಟ್ಟಿನ ಪಟ್ಟಿ

ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ, ಅದನ್ನು ಕಾಗದದ ಚೂರುಗಳ ಬಳಿ ಹಿಡಿದಿದ್ದೀರಲ್ಲವೇ? ಅದೇ ಸ್ಥಿರ ವಿದ್ಯುತ್ತು ನಮ್ಮ ಮೈಯಲ್ಲೂ ಸೇರುತ್ತದೆ. ಅದರ ಕಿಡಿ ನಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಆದರೆ ಕೆಲವು ಚಿಪ್ಪುಗಳು 100 ವೋಲ್ಟಿಗೇ ಕೆಡಬಹುದು. ನಮಗೆ ತಿಳಿಯದಂತೆಯೇ ನಾವು ಹಾನಿ ಮಾಡಿರುತ್ತೇವೆ! ಇದನ್ನು ತಡೆಯಲು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರ ತಂತಿಯನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸುತ್ತಾರೆ. ತಂತಿಯಲ್ಲಿ 10 ಲಕ್ಷ ಓಮ್ ರೋಧವಿರುತ್ತದೆ. ಅದೇಕೆ? ಓಮನ ನಿಯಮದಿಂದ ಲೆಕ್ಕ ಹಾಕಿ ನೋಡಿ. ಅಕಸ್ಮಾತ್ 230 ವೋಲ್ಟ್ ತಗಲಿದರೂ ಆ ತಂತಿಯಲ್ಲಿ ಹರಿಯುವುದು 0.00023 ಆಂಪಿಯರ್ ಮಾತ್ರ. ಪಟ್ಟಿ ಇಲ್ಲದಿದ್ದರೆ, ಬಣ್ಣ ಬಳಿಯದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಬೇಕು.

ಮಲ್ಟಿಮೀಟರ್

ವೈದ್ಯರಿಗೆ ಸ್ಟೆತೊಸ್ಕೋಪ್ ಇದ್ದಂತೆ ದುರಸ್ತಿಗಾರರಿಗೆ ಮಲ್ಟಿಮೀಟರ್. ಗಣಕದ ಗಡಿಯಾರ ಪ್ರತಿದಿನವೂ ತಪ್ಪು ದಿನಾಂಕ ತೋರಿಸಿದರೆ, ಒಳಗಿರುವ ನಾಣ್ಯದಂತಹ ಸೆಲ್ಲನ್ನು ತೆಗೆದು ಅಳೆಯಿರಿ. ಹೊಸದಾಗಿದ್ದರೆ 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ, 2.5ಕ್ಕೆ ಇಳಿದಿದ್ದರೆ ಬದಲಿಸಬೇಕು. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಆ ಅಂಕೆಗಳಲ್ಲಿ ಅದರ ಅಳತೆಯೇ ಇದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ವಿದ್ಯುತ್ ಪೂರೈಕೆಯ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರ ವರೆಗೆ ಇದ್ದರೆ ಸರಿ. ಆದರೆ ಇದನ್ನು ಯಂತ್ರ ಚಾಲೂ ಇರುವಾಗಲೇ ಅಳೆಯಬೇಕಾಗುವುದರಿಂದ ಅದು ಅಧ್ಯಾಪಕರ ಕೆಲಸ.

ಮರೆಯಬಾರದ ಮಾತುಗಳು

1. ಪ್ಲಗ್ಗು ಕಳಚದೆ ಪೆಟ್ಟಿಗೆ ತೆರೆಯಬಾರದು.

2. ವಿದ್ಯುತ್ ಪೂರೈಕೆಯ ಡಬ್ಬಿಯನ್ನು ಎಂದೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಪ್ಲಗ್ಗು ಕಳಚಿದ ಮೇಲೂ ಉಳಿದಿರಬಹುದು. ಅದು ಜೀವಕ್ಕೇ ಅಪಾಯ.

3. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಒತ್ತಬಾರದು, ಚುಚ್ಚಬಾರದು. ಅದು ಬೆಂಕಿ ಹಿಡಿಯಬಹುದು.

ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ 'ಲಿಟ್ಲ್ ಕೈಟ್ಸ್' ಕೂಟದಲ್ಲಿ ಹಾರ್ಡ್‌ವೇರ್ ಕೂಡ ಒಂದು ತರಬೇತಿ ವಿಷಯ. ಆಸಕ್ತಿ ಇರುವವರು ಇದರ ಪ್ರಯೋಜನ ಪಡೆಯಬೇಕು. ಹೆತ್ತವರಲ್ಲಿ ಒಂದು ವಿನಂತಿ: ಮನೆಯಲ್ಲಿ ಕೆಟ್ಟುಹೋದ ಹಳೆಯ ಗಣಕವಿದ್ದರೆ ಗುಜರಿಗೆ ಕೊಡುವ ಮೊದಲು ಶಾಲೆಗೆ ತಿಳಿಸಿ. ಅಧ್ಯಾಪಕರ ಎದುರಿನಲ್ಲಿ ಬಿಚ್ಚಿ ಜೋಡಿಸಲು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇರೆ ಇಲ್ಲ. ಮೂರು ವಾರ ಮೂಲೆಯಲ್ಲಿ ಕುಳಿತ ಆ ಯಂತ್ರದ ಮುಂದೆ ಇಂದು ಇಬ್ಬರೇ ಕುಳಿತು ಕಲಿಯುತ್ತಿದ್ದಾರೆ. ಎಸೆಯುವ ಮೊದಲು ಒಮ್ಮೆ ತೆರೆದು ನೋಡಿದುದರ ಫಲವಿದು.