ಚಂದ್ರನ ಹೆಸರುಗಳಲ್ಲಿ ಗ್ರೀಕಿನ ಪಾಲು

ಬೀದರ ಜಿಲ್ಲೆಯು ಭಾಷಾಭ್ಯಾಸಿಗೆ ಒಂದು ಪ್ರಯೋಗಶಾಲೆಯಂತಿದೆ. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಆಗಿನ ಮೈಸೂರು ರಾಜ್ಯವನ್ನು ಸೇರಿದ ಈ ಪ್ರದೇಶದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಆಡುನುಡಿಗಳಾಗಿವೆ. ಬೀದರ ನಗರದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ, ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಚಂದ್ರಕಲಾ, ಮೆಹತಾಬ್, ಫೀಬಿ ಎಂಬ ಮೂರು ಹೆಸರುಗಳು ಒಟ್ಟಿಗೆ ಬಂದರೆ ಆಶ್ಚರ್ಯವಿಲ್ಲ. ಮೂರು ಮತಗಳ ಮನೆಗಳಲ್ಲಿ ಇಡುವ ಈ ಹೆಸರುಗಳಿಗೆಲ್ಲ ಚಂದ್ರನ ನಂಟುಂಟು. ಆ ನಂಟಿನ ಬಗೆಯನ್ನು ಇಲ್ಲಿ ವಿಚಾರಿಸೋಣ.

ಚಂದ್ರನಲ್ಲಿ ಪ್ರಾಚೀನರು ಮುಖ್ಯವಾಗಿ ಕಂಡ ಗುಣಗಳು ಎರಡು: ಅವನು ಬೆಳಗುತ್ತಾನೆ; ಕಾಲವನ್ನು ಅಳೆಯುತ್ತಾನೆ. ಗ್ರೀಕರಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿದ್ದುವು. ‘ಸೆಲಸ್’ ಎಂದರೆ ಪ್ರಭೆ. ಅದರಿಂದ ಚಂದ್ರನಿಗೆ ‘ಸೆಲೇನೆ’ ಎಂಬ ಹೆಸರು. ೧೮೧೭ರಲ್ಲಿ ಸ್ವೀಡನ್ನಿನ ಬರ್ಜೀಲಿಯಸನು ಕಂಡುಹಿಡಿದ ಮೂಲವಸ್ತುವು, ಭೂಮಿಯ ಹೆಸರನ್ನು ಹೊತ್ತ ಟೆಲುರಿಯಮ್ಮನ್ನು ಹೋಲುತ್ತಿದ್ದುದರಿಂದ, ಅವನು ಅದಕ್ಕೆ ಚಂದ್ರನ ಹೆಸರನ್ನಿತ್ತು ಸೆಲೆನಿಯಮ್ ಎಂದು ಕರೆದನು. ಇನ್ನೊಂದು ಪದ ‘ಮೇನೆ’, ಚಂದ್ರ; ‘ಮೇನ್’ ಎಂದರೆ ತಿಂಗಳು. ಇದರಿಂದ ಹುಟ್ಟಿದ ‘ಮೇನಿಸ್ಕೋಸ್’ ಎಂಬುದಕ್ಕೆ ಪುಟ್ಟ ಚಂದ್ರ ಎಂದರ್ಥ. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ಬಿದಿಗೆಯ ಚಂದ್ರನಂತೆ ಬಾಗಿರುವುದನ್ನು ಕಂಡು ಅದಕ್ಕೆ ಮೆನಿಸ್ಕಸ್ ಎಂದು ಹೆಸರಿಟ್ಟರು. ಬೈಬಲಿನಲ್ಲಿ ಬರುವ ಫೀಬಿ ಎಂಬ ಹೆಸರಿಗೆ ಗ್ರೀಕಿನಲ್ಲಿ ಕಾಂತಿವಂತೆ ಎಂದರ್ಥ. ಚಂದ್ರದೇವತೆಗೂ ಆ ಹೆಸರು ಸಂದಿತು.

ನಮ್ಮ ನೆಲದಲ್ಲಿಯೂ ಇದೇ ವಿಭಾಗವನ್ನು ಕಾಣುತ್ತೇವೆ. ‘ಚಂದ್ರ’ ಎಂಬುದು ಹೊಳೆಯುವುದೆಂಬ ಅರ್ಥದ ಧಾತುವಿನಿಂದ ಬಂದಿದೆ. ‘ಮಾಸ’ವು ಅಳೆಯುವುದಕ್ಕೆ ಸಂಬಂಧಿಸಿದ್ದು. ಪಾರಸಿಯ ‘ಮಾಹ್’ ಚಂದ್ರನೂ ಹೌದು, ತಿಂಗಳೂ ಹೌದು. ನಮ್ಮ ಕಚೇರಿಗಳ ಕಾಗದಗಳಲ್ಲಿ ಕಾಣುವ ‘ಮಾಹೆ’ಯ ಮೂಲ ಅದೇ. ಮೆಹತಾಬ್ ಎಂಬ ಹೆಸರಿನಲ್ಲಿ ಈ ‘ಮಾಹ್’ ಶಬ್ದಕ್ಕೆ ಪ್ರಭೆ ಎಂಬರ್ಥದ ‘ತಾಬ್’ ಸೇರಿದೆ. ಹೀಗೆ ಅಳತೆ, ಬೆಳಕು ಎರಡೂ ಒಂದೇ ಹೆಸರಿನಲ್ಲಿ ಕೂಡಿವೆ.

ಮೇನ್, ಮಾಸ, ಮಾಹ್ ಈ ಮೂರೂ ಒಬ್ಬ ತಾಯಿಯ ಮಕ್ಕಳು. ಒಂದರಿಂದ ಒಂದು ಸಾಲ ಪಡೆದವಲ್ಲ. ಕನ್ನಡದ ‘ತಿಂಗಳು’, ತೆಲುಗಿನ ‘ನೆಲ’ ಇವೂ ಚಂದ್ರ, ಮಾಸ ಎರಡನ್ನೂ ಸೂಚಿಸುತ್ತವೆಯಾದರೂ ಇವು ದ್ರಾವಿಡ ಪದಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ೨೯½ ದಿನಗಳೆಂಬುದನ್ನು ಎಲ್ಲ ಜನಾಂಗಗಳೂ ಕಂಡುದರಿಂದ ಅರ್ಥ ಒಂದಾಯಿತು, ಅಷ್ಟೆ. ಧ್ವನಿಸಾಮ್ಯವನ್ನು ನಂಬಿದರೆ ಮೋಸಹೋಗುತ್ತೇವೆ: ಔರಾದದ ತೆಲುಗರ ‘ನೆಲ’ ತಿಂಗಳಾದರೆ, ಕನ್ನಡಿಗರ ‘ನೆಲ’ ಭೂಮಿ!

ಹಾಗಾದರೆ ಗ್ರೀಕಿನಿಂದ ನೇರವಾಗಿ ನಮಗೆ ಬಂದ ಚಂದ್ರಸಂಬಂಧಿ ಪದಗಳೇ ಇಲ್ಲವೆ? ಉಂಟು, ಅವು ಜಾತಕಗಳಲ್ಲಿ ಅಡಗಿವೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹಜ್ಜಾತಕ’ದಲ್ಲಿ ಸುನಫಾ, ಅನಫಾ, ದುರುಧುರಾ, ಕೇಮದ್ರುಮ ಎಂಬ ಚಂದ್ರಯೋಗಗಳನ್ನು ಹೇಳುತ್ತಾನೆ. ಇವು ಗ್ರೀಕ್ ಪದಗಳ ರೂಪಾಂತರಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಚಂದ್ರನ ಎರಡು ಪಕ್ಕದ ರಾಶಿಗಳಲ್ಲಿಯೂ ಗ್ರಹಗಳಿದ್ದರೆ ದುರುಧುರಾ. ಅದರ ಮೂಲವಾದ ‘ದೊರುಫೊರಿಯ’ ಎಂದರೆ ಈಟಿ ಹಿಡಿದವರ ಕಾವಲು. ಎರಡು ಪಕ್ಕಗಳೂ ಬರಿದಾಗಿದ್ದರೆ ಕೇಮದ್ರುಮ. ಅದರ ಮೂಲ ‘ಕೆನೊದ್ರೊಮಿಯ’, ಎಂದರೆ ಬರಿದಾದ ಹಾದಿಯಲ್ಲಿನ ಓಟ.

ಈ ಕೇಮದ್ರುಮವು ದಾರಿದ್ರ್ಯವನ್ನು ತರುತ್ತದೆಂಬ ಭಯದಿಂದ ಮದುವೆಯ ಮಾತುಕತೆ ಮುರಿಯುವುದುಂಟು. ಆದುದರಿಂದ ಸ್ವಲ್ಪ ಗಣಿತ ಮಾಡೋಣ. ಈ ಯೋಗದ ಎಣಿಕೆಗೆ ಬರುವ ಗ್ರಹಗಳು ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು. ಒಂದೊಂದು ಗ್ರಹವೂ ತನ್ನ ಅಕ್ಕಪಕ್ಕದ ಎರಡು ರಾಶಿಗಳನ್ನು ಮಾತ್ರ ಈ ಯೋಗದಿಂದ ತಪ್ಪಿಸಬಲ್ಲುದು. ಐದು ಗ್ರಹಗಳೂ ಸೇರಿ ತಪ್ಪಿಸುವುದು ಹೆಚ್ಚೆಂದರೆ ೧೦ ರಾಶಿಗಳನ್ನು. ರಾಶಿಗಳಾದರೋ ೧೨! ಚಂದ್ರನು ೨೭.೩ ದಿನಗಳಲ್ಲಿ ಎಲ್ಲ ರಾಶಿಗಳನ್ನೂ ಸುತ್ತುವುದರಿಂದ ಪ್ರತಿಯೊಂದು ಸುತ್ತಿನಲ್ಲಿಯೂ ಕನಿಷ್ಠ ಎರಡು ರಾಶಿಗಳಲ್ಲಿ, ಎಂದರೆ ಸುಮಾರು ನಾಲ್ಕೂವರೆ ದಿನ, ಈ ಯೋಗದ ಮೂಲಲಕ್ಷಣ ಬಂದೇ ತೀರುತ್ತದೆ. ಆ ದಿನಗಳಲ್ಲಿ ಬೀದರದಲ್ಲಿ ಹುಟ್ಟಿದವರಿಗೂ ಅಥೆನ್ಸಿನಲ್ಲಿ ಹುಟ್ಟಿದವರಿಗೂ ಅದು ಸಮಾನ. ಜ್ಯೋತಿಷಿಗಳು ಈ ಯೋಗಕ್ಕೆ ಹಲವು ‘ಭಂಗ’ಗಳನ್ನು ಹೇಳುವುದರಲ್ಲಿ ಆಶ್ಚರ್ಯವೇನು?

ಪದದ ಮೂಲವನ್ನು ಅರಿತರೆ ಅದರ ಸುತ್ತಲಿನ ಕತ್ತಲೆ ತೆಳುವಾಗುತ್ತದೆ. ಚಂದ್ರಕಲಾ, ಮೆಹತಾಬ್, ಫೀಬಿಯರು ಒಂದೇ ಬೆಳಕಿನ ಹೆಸರನ್ನು ಹೊತ್ತಿದ್ದಾರೆ; ಹಲವರು ಅಂಜುವ ಹೆಸರೊಂದು ಬರಿಯ ಹಾದಿಯ ಹೆಸರು. ವಿದ್ಯಾರ್ಥಿಗಳು ತಮ್ಮ ತರಗತಿಯ ಹೆಸರುಗಳನ್ನು ಬರೆದುಕೊಂಡು, ಬಂಧುಗಳಾವುವು, ಸಾಲ ಬಂದವಾವುವು, ಬರಿಯ ಧ್ವನಿಸಾಮ್ಯದವಾವುವು ಎಂದು ವಿಂಗಡಿಸಿ ನೋಡಲಿ.