ಬೈಠಕಿನ ಲೆಕ್ಕ

ಬೆಳಗಾವಿ ನಗರದಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಗರಡಿಯ ಸಾಮು ಹಳೆಯ ಸಂಗತಿ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವು ಬೆಳಗಾವಿಯಲ್ಲೇ ಇರುವುದರಿಂದ ಸೈನ್ಯ ಸೇರಬಯಸುವ ತರುಣರ ಉಮೇದೂ ಇದಕ್ಕೆ ಕೂಡಿಕೊಂಡಿದೆ. ಅಂಥ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದಲ್ಲಿ (ಖಾನಾಪುರದ ಮಳೆಯೆಂದರೆ ಸಾಮಾನ್ಯವೇ!) ಅವನ ಸಾಮು ನಿಂತುಹೋಗಿತ್ತು. ಮಳೆ ಬಿಟ್ಟ ಮೊದಲ ದಿನವೇ ಗೆಳೆಯನೊಡನೆ ಪಂತ ಕಟ್ಟಿ 500 ಬೈಠಕು ಹೊಡೆದನು. ತೊಡೆ ನಡುಗಿತು, ಆದರೂ ಲೆಕ್ಕ ನಿಲ್ಲಲಿಲ್ಲ. ಮೂರನೆಯ ದಿನ ತೊಡೆಗಳು ಊದಿಕೊಂಡವು. ಮೂತ್ರವು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು.

ಆದುದೇನು? ಬೈಠಕಿನಲ್ಲಿ ಮೇಲೇಳುವುದೇ ಕಷ್ಟವೆಂದು ನಮಗೆ ತೋರುತ್ತದೆ. ಆದರೆ ಸ್ನಾಯುವಿಗೆ ಹೆಚ್ಚು ಘಾಸಿಯಾಗುವುದು ಕೆಳಗಿಳಿಯುವಾಗ. ಆಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕು. ನೂರಾರು ಸಲ ಹೀಗಾದರೆ ಸ್ನಾಯುತಂತುವಿನ ಪೊರೆ ಹರಿದು, ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಹೊರದೂಡಲು ಬೇಕಾದ ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಆ ವೇಳೆಗೆ ಕಡಮೆಯಾಗಿರುತ್ತದೆ. ಕ್ಯಾಲ್ಸಿಯಂನಿಂದ ಚುರುಕುಗೊಂಡ ಕಿಣ್ವಗಳು ಸ್ನಾಯುವನ್ನೇ ಜೀರ್ಣಿಸತೊಡಗುತ್ತವೆ. ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹೆಪ್ಪುಗಟ್ಟಿ ಅವನ್ನು ಕೆಡಿಸುತ್ತದೆ. ಜೊತೆಗೆ ಸೋರುವ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪೀತು.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ, ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರತೆಗೆದವರಲ್ಲಿ ಕೆಲವರು ಕೆಲವೇ ದಿನಗಳಲ್ಲಿ ಮೂತ್ರಪಿಂಡ ಸೋತು ಮೃತರಾದುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ವರದಿಮಾಡಿದರು. ಅಲ್ಲಿ ಸ್ನಾಯುವನ್ನು ಜಜ್ಜಿದುದು ಕಲ್ಲುಮಣ್ಣು, ಇಲ್ಲಿ ಹಟ.

ಹಾಗಾದರೆ ದಿನವೂ ನೂರಾರು ಬೈಠಕು ಹೊಡೆಯುವ ಪೈಲವಾನನಿಗೆ ಏಕೆ ಏನೂ ಆಗದು? ಸ್ವಲ್ಪವೇ ಘಾಸಿಗೊಂಡು ಮಾಗಿದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ಘಾಸಿಗೊಳ್ಳುವುದಿಲ್ಲ. ಈ ರಕ್ಷಣೆ ಕೆಲವು ವಾರ ಉಳಿದು, ಸಾಮು ಬಿಟ್ಟರೆ ಕ್ರಮೇಣ ಕರಗಿಹೋಗುತ್ತದೆ. ನಮ್ಮ ತರುಣನ ಮಿತಿಯು ಮಳೆಗಾಲದಲ್ಲಿ ಸದ್ದಿಲ್ಲದೆ ಕೆಳಗಿಳಿದಿತ್ತು. ಅವನ ನೆನಪಿನಲ್ಲಿದ್ದುದು ಬೇಸಿಗೆಯ ಲೆಕ್ಕ. ಪಂತದ ಆವೇಶದಲ್ಲಿ ದಣಿವಿನ ಸೂಚನೆ ಮಂಕಾಗುತ್ತದೆ. ನೋವಾದರೋ ಒಂದೆರಡು ದಿನ ತಡವಾಗಿ ಬರುತ್ತದೆ!

ಮೂತ್ರದ ಬಣ್ಣ ಹೀಗೆ ಕಪ್ಪಾದರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿರುವ ನೋವಿನ ಗುಳಿಗೆ ನುಂಗುವುದು ಅಪಾಯಕರ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತವೆ. ವೈದ್ಯರು ರಕ್ತನಾಳದ ಮೂಲಕ ಲವಣದ್ರವವನ್ನು ಧಾರಾಳವಾಗಿ ಕೊಟ್ಟು ಮೂತ್ರಪಿಂಡವನ್ನು ತೊಳೆಯುತ್ತಾರೆ. ಬೇಗ ಬಂದವರಲ್ಲಿ ಹೆಚ್ಚಿನವರು ಪೂರ್ಣ ಗುಣಮುಖರಾಗುತ್ತಾರೆ.